ಹುಲ್ಲುಹಾಸಿನಿಂದ ಕಾಯಿಪಲ್ಲೆಗೆ

ಆಹಾರದ ಅಭಾವವಿದ್ದ 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ತಮ್ಮ ದೆಹಲಿ ನಿವಾಸದ ಹುಲ್ಲುಹಾಸಿಗೆ ನೇಗಿಲು ಹೂಡಿದರು. ಪುಣೆಯ ಕನ್ನಡಿಗರಿಗೂ ಆ ಮೇಲ್ಪಂಕ್ತಿ ಅನುಸರಣೀಯ. ಬೇಸಿಗೆಯಲ್ಲಿ ಚದರ ಮೀಟರು ಹುಲ್ಲಿಗೆ ದಿನಕ್ಕೆ ಸುಮಾರು 5 ಲೀಟರು ನೀರು ಬೇಕು, ಪ್ರತಿಫಲ ಶೂನ್ಯ. ನಗರಕ್ಕೆ ನೀರೊದಗಿಸುವ ಖಡಕವಾಸಲಾ ಜಲಾಶಯವನ್ನೇ ದೌಂಡ, ಇಂದಾಪುರಗಳ ರೈತರೂ ನಂಬಿದ್ದಾರೆ. ತರಕಾರಿಗೂ ನೀರು ಬೇಕು, ನಿಜ. ಆದರೆ ಅದು ಆಹಾರವಾಗಿ ಮನೆಗೆ ಮರಳುತ್ತದೆ.

ಮೇ ತಿಂಗಳಲ್ಲಿ ನೆಲವನ್ನು ಅಗೆದು, ಗರಿಕೆಯ ಬೇರುಗಳನ್ನು ಪೂರ್ಣವಾಗಿ ಆರಿಸಿ ತೆಗೆಯಬೇಕು. ತುಂಡು ಉಳಿದರೂ ಅದು ಮತ್ತೆ ಚಿಗುರುತ್ತದೆ. ಕೊಟ್ಟಿಗೆ ಗೊಬ್ಬರ ಬೆರೆಸಿ, ಜೂನ್ ಮಳೆಗೆ ಹರಿವೆ, ಬೆಂಡೆ, ಬಸಳೆಗಳನ್ನೂ ಚಳಿಗಾಲಕ್ಕೆ ಮೆಂತ್ಯ, ಪಾಲಕಗಳನ್ನೂ ಹಾಕಬಹುದು. ಹರಿವೆ ಸುಮಾರು ಒಂದು ತಿಂಗಳಲ್ಲೇ ಕೊಯ್ಲಿಗೆ ಬರುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರಲ್ಲಿ ಒಂದು ಪಾಲಾದರೂ ಸ್ವಂತ ಅಂಗಳದಿಂದಲೇ ದೊರೆಯಲಿ.