ಮಂಚದ ಕೆಳಗಿನ ಮರದ ತುಂಡುಗಳು

ಅಟ್ಟದಿಂದ ಇಳಿಯುವಾಗ ಏಣಿ ಜಾರಿ ಬಿದ್ದೆ. ತೊಡೆಮೂಳೆಯ ತಲೆ ಕೂರುವ ಸೊಂಟದ ಬಟ್ಟಲು ಸೀಳಿತ್ತು. ಆಪರೇಷನ್ ಬೇಡ, ಆರು ವಾರ ಟ್ರಾಕ್ಷನ್ ಸಾಕು ಎಂದರು ಮೂಳೆ ಡಾಕ್ಟರು. ಮೊಣಕಾಲ ಕೆಳಗೆ ಮೂಳೆಗೆ ಅಡ್ಡಲಾಗಿ ಕಂಬಿ ತೂರಿಸಿ, ಅದಕ್ಕೆ ಹಗ್ಗ ಕಟ್ಟಿ, ರಾಟೆಯ ಮೇಲಿಂದ ತೂಕ ಇಳಿಬಿಟ್ಟರು. ಆ ತೂಕ ನನ್ನನ್ನೇ ಕೆಳಕ್ಕೆ ಎಳೆದುಕೊಂಡು ಹೋಗಬಾರದಲ್ಲ, ಅದಕ್ಕೆ ಮಂಚದ ಕಾಲ ಕಡೆಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದರು. ಕಾಲು ದಿಬ್ಬಕ್ಕೆ, ತಲೆ ತಗ್ಗಿಗೆ.

ಸೇರಿದ ದಿನ ನರ್ಸ್ ಕೇಳಿದ್ದಳು, "ಬಿಪಿ, ಶುಗರ್‌ಗೆ ಮಾತ್ರೆ ಏನಾದ್ರೂ ತಗೊಳ್ತೀರಾ ಅಮ್ಮ?" ಇಲ್ಲ ಎಂದೆ. ನಾಲ್ಕು ವರ್ಷದಿಂದ ಗ್ಲಾಕೋಮಕ್ಕೆ ದಿನಾ ರಾತ್ರಿ ಎರಡೂ ಕಣ್ಣಿಗೆ ಒಂದೊಂದು ಹನಿ ಹಾಕಿಕೊಳ್ಳುತ್ತಿದ್ದೆ. ಅದೂ ಔಷಧವೇ ಎಂಬುದು ಆ ನೋವಿನಲ್ಲಿ ಹೊಳೆಯಲೇ ಇಲ್ಲ, ಹನಿ ನಿಂತೇ ಹೋಯಿತು.

ಮೊದಲ ವಾರವೇ ಮುಖ ಊದಿಕೊಂಡಿತು, ಮೂಗು ಕಟ್ಟಿತು, ರೆಪ್ಪೆ ಭಾರವಾಯಿತು. ಮಲಗಿಯೇ ಇರುವವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಕಣ್ಣಿನ ಡಾಕ್ಟರ ಹತ್ತಿರ ಹೋದದ್ದು ಟ್ರಾಕ್ಷನ್ ಬಿಚ್ಚಿದ ಮೇಲೆ. ಹದಿನೈದರ ಆಸುಪಾಸಿನಲ್ಲಿದ್ದ ಕಣ್ಣಿನ ಒತ್ತಡ 27ಕ್ಕೆ ಏರಿತ್ತು. ಡಾಕ್ಟರಮ್ಮ ಕಣ್ಣಿನ ಒಳಭಾಗದ ಫೋಟೋ ತೆಗೆದು ತೋರಿಸಿದರು. ದೃಷ್ಟಿನರ ಹೊರಡುವ ಹಳದಿ ಬಿಲ್ಲೆ, ಅದರ ಅಂಚಿನಲ್ಲಿ ಕುಂಕುಮದ ಕಡ್ಡಿಯಿಂದ ಎಳೆದಂತೆ ಒಂದು ಕೆಂಪು ಗೀರು. "ಇದು ರಕ್ತ. ಗ್ಲಾಕೋಮ ಮುಂದುವರಿಯುತ್ತಿದೆ ಅನ್ನೋ ಸೂಚನೆ" ಎಂದರು.

ಮಲಗಿದ್ದರಿಂದ ಹೀಗಾಯಿತೇ ಎಂದು ಕೇಳಿದೆ. ಅವರು ಅವಸರ ಮಾಡದೆ ಬಿಡಿಸಿ ಹೇಳಿದರು. ನಿಂತಾಗ ತಲೆಯ ರಕ್ತ ತಾನಾಗಿ ಇಳಿದು ಹೃದಯ ಸೇರುತ್ತದೆ. ಮಲಗಿದರೆ ಇಳಿಯುವುದು ನಿಧಾನ, ಅಭಿಧಮನಿಗಳು ತುಂಬಿಕೊಳ್ಳುತ್ತವೆ. ತಲೆ ತಗ್ಗಿದರೆ ಇನ್ನೂ ಹೆಚ್ಚು. ರೆಟಿನಾದ ರಕ್ತನಾಳಗಳು ಒತ್ತಡ ನೋಡಿಕೊಂಡು ತಾವೇ ಸಂಕುಚಿಸಿ ಹಿಗ್ಗಿ ಹರಿವನ್ನು ಹದದಲ್ಲಿಡುತ್ತವೆ. ರೆಟಿನಾದ ಹಿಂದೆ ರಕ್ತನಾಳಗಳದೇ ದಟ್ಟ ಪದರ ಒಂದಿದೆ. ಅದಕ್ಕೆ ಆ ಹಿಡಿತ ಅಷ್ಟಿಲ್ಲ, ರಕ್ತ ತುಂಬಿ ದಪ್ಪವಾಗುತ್ತದೆ. ಆರೋಗ್ಯವಂತರಿಗೂ ಮಲಗಿದಾಗ ಕಣ್ಣಿನ ಒತ್ತಡ ಕೆಲವು ಅಂಕ ಏರುತ್ತದೆ, ಅವರ ಕಣ್ಣು ತಡೆದುಕೊಳ್ಳುತ್ತದೆ. ಮೊದಲೇ ಸೋತ ನರ ಇದ್ದವರ ಮಾತು ಬೇರೆ. "ಆ ಗೀರಿಗೆ ಮಲಗಿದ್ದೊಂದೇ ಕಾರಣ ಅಂತ ನಾನು ಹೇಳೋಲ್ಲ. ಆರು ವಾರ ಹನಿ ನಿಂತಿದ್ದು ದೊಡ್ಡ ತಪ್ಪು."

ತಲೆ ತಗ್ಗಿಸಿ ಮಲಗುವುದನ್ನು ಬಾಹ್ಯಾಕಾಶ ವಿಜ್ಞಾನಿಗಳು ಬೇಕೆಂದೇ ಮಾಡಿಸುತ್ತಾರೆ ಎಂದು ಆಮೇಲೆ ಓದಿ ತಿಳಿದೆ. ತಿಂಗಳುಗಟ್ಟಲೆ ಅಂತರಿಕ್ಷದಲ್ಲಿದ್ದು ಬಂದ ಕೆಲವರ ದೃಷ್ಟಿನರದ ಬಿಲ್ಲೆ ಊದಿಕೊಂಡಿರುತ್ತದೆ. ಅದನ್ನು ಭೂಮಿಯ ಮೇಲೇ ಪರೀಕ್ಷಿಸಲು ಜರ್ಮನಿಯ ಕಲೋನ್‌ನಲ್ಲಿ 2017ರಲ್ಲಿ 11 ಮಂದಿಯನ್ನು 30 ದಿನ ಆರು ಡಿಗ್ರಿ ತಲೆ ತಗ್ಗಿಸಿ, ದಿಂಬೂ ಕೊಡದೆ ಮಲಗಿಸಿದರು. ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡನ್ನೂ ತುಸು ಹೆಚ್ಚಿಸಿದ್ದರು. ಐವರ ಬಿಲ್ಲೆ ಊದಿತು. ಆರೋಗ್ಯವಂತರೇ ಅವರೆಲ್ಲ. ಅದನ್ನು ಓದುವಾಗ ನನ್ನ ಮಂಚದ ಕೆಳಗಿನ ಆ ಎರಡು ಮರದ ತುಂಡುಗಳು ಕಣ್ಣ ಮುಂದೆ ಬಂದು ನಿಂತವು.

ನನ್ನ ಮೂಳೆ ಕೂಡಬೇಕಾದರೆ ಮಲಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನನಗೆ ಟ್ರಾಕ್ಷನ್ ಹಾಕಿದ್ದು ಸರಿಯಾಗಿಯೇ ಇತ್ತು, ಈಗ ಊರುಗೋಲಿಲ್ಲದೆ ನಡೆಯುತ್ತೇನೆ. ಆದರೆ ದೃಷ್ಟಿಯ ಹರವು ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ಎಡಗಣ್ಣಿನ ಮೇಲುಗಡೆ ಒಂದು ಮಸುಕು ಮೂಲೆ ಹೊಸದಾಗಿ ಸೇರಿದೆ. ಅಲ್ಲಿ ಹೋದ ದೃಷ್ಟಿ ವಾಪಸ್ ಬರುವಂಥದ್ದಲ್ಲ.

ಹೋದ ತಿಂಗಳು ನಮ್ಮ ಅತ್ತಿಗೆ ಬೆನ್ನುಮೂಳೆ ಮುರಿದು ಮಲಗಿದರು. ನೋಡಲು ಹೋದವಳು ಮೊದಲು ಕೇಳಿದ್ದು, ಕಣ್ಣಿಗೆ ಏನಾದರೂ ಹಾಕಿಕೊಳ್ಳುತ್ತೀರಾ ಎಂದು. ಹೌದಂತೆ, ಬಾಟಲಿ ಮನೆಯಲ್ಲಿದೆಯಂತೆ. ಅಣ್ಣನನ್ನು ಆಗಲೇ ಮನೆಗೆ ಕಳಿಸಿದೆ. ತಲೆಯ ಕಡೆ ಎಷ್ಟು ಎತ್ತರಿಸಬಹುದು ಎಂದು ಡಾಕ್ಟರನ್ನು ಕೇಳಿ, ಹನಿಯ ಹೆಸರನ್ನು ಕೇಸ್ ಶೀಟಿನಲ್ಲಿ ಬರೆಸಿ, ರಾತ್ರಿಯ ಮೊದಲ ಹನಿಯನ್ನು ನಾನೇ ಹಾಕಿ ಬಂದೆ.