ಬೇಟೆನಾಯಿಯೂ ಬಿಸಿಲೂ
ಬಿಸಿಲುನಾಡಿನಲ್ಲಿ ಮೊಲವನ್ನು ಅಟ್ಟಿ ಹಿಡಿಯಲು ಎಂತಹ ನಾಯಿ ತಕ್ಕುದು? ವೇಗವೊಂದನ್ನೇ ನೋಡಿದರೆ ಸಾಲದು. ಓಟದಲ್ಲಿ ಸ್ನಾಯುಗಳು ಹುಟ್ಟಿಸುವ ಶಾಖವನ್ನು ಹೊರಚೆಲ್ಲಲಾರದ ನಾಯಿ ಬಯಲಿನಲ್ಲಿಯೇ ಕುಸಿದು ಸಾಯಬಹುದು. ತೂಕ ಒಂದೇ ಆದರೂ ದುಂಡುಮೈಗಿಂತ ನೀಳವಾದ ಕೃಶಕಾಯಕ್ಕೆ ಹೊರಮೈಯ ವಿಸ್ತಾರ ಹೆಚ್ಚು; ಶಾಖಕ್ಕೆ ಅದೇ ಬಾಗಿಲು. ಮುಧೋಳದ ನಾಯಿಯ ಸಣಕಲು ಮೈ, ಗಿಡ್ಡ ರೋಮಗಳನ್ನು ಕಂಡು ನಗುವವರು ಇದನ್ನು ಅರಿಯರು. ಇನ್ನೊಂದು ಮಾತು: ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರದು. ಅದು ಏದುಸಿರು ಬಿಡುವಾಗ ಮೂಗು, ನಾಲಿಗೆಗಳಿಂದ ಆವಿಯಾಗುವ ಒಂದೊಂದು ಗ್ರಾಂ ನೀರೂ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆದುದರಿಂದ ನೀಳ ಮೂತಿಯನ್ನೂ ಆಳವಾದ ಎದೆಯನ್ನೂ ಮೊದಲು ನೋಡತಕ್ಕದ್ದು; ಚಪ್ಪಟೆಮೂತಿಯ ನಾಯಿ ಅಂಗಳದಲ್ಲಿಯೇ ಇರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮಲ್ಲಿ ಮೊಲದ ಬೇಟೆ ಅಪರಾಧ. ಮುಧೋಳದ ನಾಯಿ ಈಗ ಹೊಲಮನೆಗಳ ಕಾವಲಿಗೆ ಓಡುತ್ತದೆ.