ನಾದದ ಕಮ್ಮಟ

ಚಿತ್ರಕಾರನು ಬರೆದ ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ. ಶಿಲ್ಪಿಯು ಕಡೆದ ಮೂರ್ತಿ ಶತಮಾನಗಳ ಕಾಲ ನಿಲ್ಲುತ್ತದೆ. ಗಾಯಕನ ಹಾಡು ಮಾತ್ರ ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತದೆ. ಅಮೆರಿಕದ ಥಾಮಸ್ ಆಲ್ವ ಎಡಿಸನ್ನನು 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸುವವರೆಗೆ, ಒಮ್ಮೆ ಕೇಳಿದ ಧ್ವನಿಯನ್ನು ಮತ್ತೆ ಕೇಳುವ ಉಪಾಯ ಮನುಷ್ಯನಿಗೆ ದೊರೆತಿರಲಿಲ್ಲ. ಕಾಲುಶತಮಾನದ ತರುವಾಯ, 1902ರಲ್ಲಿ, ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಗ್ರಾಮಫೋನ್ ತಟ್ಟೆಯ ಮೇಲೆ ಮುದ್ರಿಸಲಾಯಿತು.

ಈ ಹೊಸ ವಿದ್ಯೆಯ ಪ್ರಯೋಜನವನ್ನು ಪಡೆದ ಸೀಮೆಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಹಿಂದೂಸ್ತಾನಿ ಸಂಗೀತಕ್ಕೆ ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಮೊದಲಾದ ಮಹನೀಯರನ್ನು ಕೊಟ್ಟ ನೆಲವಿದು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡ ಗಂಗೂಬಾಯಿಯವರ ಮೊದಲ ಧ್ವನಿಮುದ್ರಿಕೆಗಳು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು.

ಆ ಕಾಲದ ಮುದ್ರಣ ಕಠಿಣವಾದ ಪರೀಕ್ಷೆಯೇ ಆಗಿತ್ತು. ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಗಳಿಗಿಂತ ಸ್ವಲ್ಪವೇ ಹೆಚ್ಚು ಕಾಲದ ಹಾಡಿಗೆ ಎಡೆಯಿತ್ತು. ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಅಷ್ಟರಲ್ಲಿಯೇ ಹಿಡಿದಿಡಬೇಕು. ಮೇಣದ ಮೇಲೆ ಸೂಜಿ ಕೊರೆದ ಗೆರೆಯನ್ನು ತಿದ್ದುವಂತಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಕೆಮ್ಮು ಬಂದರೂ ಮೊದಲಿನಿಂದ ಹಾಡಬೇಕಾಗುತ್ತಿತ್ತು.

ಮುಂದೆ ಕಾಂತಪಟ್ಟಿ, ಎಂದರೆ ಟೇಪು, ಬಳಕೆಗೆ ಬಂದಿತು. ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ಅಂತಹ ನಿಲಯಗಳಲ್ಲಿ ಟೇಪಿನ ಬಳಕೆ ಹೆಚ್ಚಿದಂತೆ ದೀರ್ಘವಾದ ಗಾಯನಗಳನ್ನೂ ಕಾಪಿಡುವುದು ಸಾಧ್ಯವಾಯಿತು. ತಪ್ಪಿದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸಬಹುದಾಗಿತ್ತು. ಆದರೆ ಕತ್ತರಿಸುವ ಕೈ ತಪ್ಪಿದರೆ ಮೂಲವೇ ಕೆಡುವ ಭಯವಿತ್ತು.

ಆ ಭಯವನ್ನು ಬಹುಮಟ್ಟಿಗೆ ಹೋಗಲಾಡಿಸಿದ್ದು ಗಣಕಯಂತ್ರ. ಇಂದು ಗಣಕದಲ್ಲಿ ಧ್ವನಿಯನ್ನು ಮುದ್ರಿಸುವ, ಜೋಡಿಸುವ, ಹದಗೊಳಿಸುವ ತಂತ್ರಾಂಶಕ್ಕೆ ‘ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್’ ಎಂದು ಹೆಸರು. ಇದನ್ನು ನಾದದ ಕಮ್ಮಟವೆಂದು ಕರೆಯಬಹುದು. ಕಮ್ಮಟದಲ್ಲಿ ಲೋಹ ನಾಣ್ಯವಾಗುವಂತೆ ಇಲ್ಲಿ ನಾದವು ಅಂಕಿಯಾಗುತ್ತದೆ.

ಧ್ವನಿ ಅಂಕಿಯಾಗುವ ಬಗೆ ಕುತೂಹಲಕರವಾದುದು. ಧ್ವನಿಯೆಂದರೆ ಗಾಳಿಯ ಕಂಪನ. ಮೈಕ್ರೋಫೋನು ಆ ಕಂಪನವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುತ್ತದೆ. ಆ ಅಲೆಯ ಎತ್ತರವನ್ನು ಯಂತ್ರವು ಕ್ಷಣಕ್ಷಣಕ್ಕೂ ಅಳೆದು ಬರೆದಿಡುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಗಳಿಗೆ ಗೊತ್ತುಪಡಿಸಿದ ಕ್ರಮದಲ್ಲಿ ಈ ಅಳತೆ ಸೆಕೆಂಡಿಗೆ 44,100 ಬಾರಿ ನಡೆಯುತ್ತದೆ. ಪ್ರತಿ ಅಳತೆಗೂ 65,536 ಮಟ್ಟಗಳಿರುತ್ತವೆ. ಮೂರು ನಿಮಿಷಗಳ ಒಂದು ಹಾಡು ಹೀಗೆ 79,38,000 ಅಂಕಿಗಳ ಸಾಲಾಗುತ್ತದೆ. ಆ ಸಾಲಿನಿಂದ ಮತ್ತೆ ಅಲೆಯನ್ನು ಕಟ್ಟಿ ಧ್ವನಿವರ್ಧಕಕ್ಕೆ ಕಳುಹಿಸಿದರೆ ಹಾಡು ಕೇಳಿಸುತ್ತದೆ.

ತಂತ್ರಾಂಶವನ್ನು ತೆರೆದಾಗ ಗಣಕದ ಪರದೆಯ ಮೇಲೆ ಒಂದರ ಕೆಳಗೊಂದು ಪಟ್ಟಿಗಳು ಕಾಣುತ್ತವೆ. ಇವುಗಳಿಗೆ ‘ಟ್ರ್ಯಾಕ್’ ಎನ್ನುವರು. ಗಾಯಕರಿಗೆ ಒಂದು, ತಬಲೆಗೆ ಒಂದು, ಹಾರ್ಮೋನಿಯಮ್ಮಿಗೆ ಒಂದು, ತಂಬೂರಿಗೆ ಒಂದು ಹೀಗೆ ಬೇರೆ ಬೇರೆ ಪಟ್ಟಿಗಳಲ್ಲಿ ಮುದ್ರಿಸಬಹುದು. ತಬಲೆಯ ಧ್ವನಿ ಗಾಯನವನ್ನು ಮುಚ್ಚಿದರೆ ತಬಲೆಯನ್ನಷ್ಟೇ ತಗ್ಗಿಸಬಹುದು. ಹೀಗೆ ಎಲ್ಲವನ್ನೂ ತೂಗಿ ಒಂದುಗೂಡಿಸುವ ಕೆಲಸಕ್ಕೆ ಮಿಶ್ರಣವೆಂದು ಹೆಸರು. ಇಲ್ಲಿ ಕತ್ತರಿಸಿದ ಭಾಗ ನಾಶವಾಗುವುದಿಲ್ಲ. ಬೇಡವೆನಿಸಿದರೆ ಹಿಂದಿನ ಸ್ಥಿತಿಗೆ ಮರಳಬಹುದು. ಹಿಂದೆ ದೊಡ್ಡ ನಗರಗಳ ಸ್ಟುಡಿಯೋಗಳಿಗೆ ಮಾತ್ರ ಎಟುಕುತ್ತಿದ್ದ ಈ ಕೆಲಸವನ್ನು ಇಂದು ಮನೆಯ ಸಾಧಾರಣ ಗಣಕದಲ್ಲಿಯೂ ಮಾಡಬಹುದಾಗಿದೆ. ‘ಅಡಾಸಿಟಿ’ಯಂತಹ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ.

ಹಳೆಯ ತಟ್ಟೆಗಳನ್ನು ಉಳಿಸುವುದರಲ್ಲಿ ಈ ಸಾಧನದ ಉಪಕಾರ ದೊಡ್ಡದು. ತಟ್ಟೆಯ ಮೇಲಿನ ಗೀರು ‘ಟಪ್’ ಎಂದು ಸದ್ದು ಮಾಡುತ್ತದೆ. ಪರದೆಯ ಮೇಲೆ ಅದು ಮುಳ್ಳಿನಂತೆ ಎದ್ದು ಕಾಣುತ್ತದೆ. ಅದರ ಅಕ್ಕಪಕ್ಕದ ಅಲೆಯನ್ನು ನೋಡಿ ತಂತ್ರಾಂಶವು ಆ ಎಡೆಯನ್ನು ತುಂಬಬಲ್ಲುದು. ಎಡೆಬಿಡದೆ ಕೇಳಿಸುವ ‘ಸೊರ್’ ಎಂಬ ಸದ್ದನ್ನೂ ತಗ್ಗಿಸಬಹುದು. ಅದಕ್ಕಾಗಿ ಸದ್ದು ಮಾತ್ರ ಇರುವ ಒಂದು ತುಣುಕನ್ನು ಮಾದರಿಯಾಗಿ ತೋರಿಸಬೇಕು. ಅದನ್ನು ಹೋಲುವುದನ್ನೆಲ್ಲ ತಂತ್ರಾಂಶ ಕಳೆಯುತ್ತದೆ.

ವಿವೇಕ ಬೇಕಾಗುವುದು ಇಲ್ಲಿಯೇ. ತಂಬೂರಿಯ ಶ್ರುತಿಯೂ ಎಡೆಬಿಡದೆ ಕೇಳಿಸುವ ನಾದವೇ. ಮಾದರಿಯ ತುಣುಕಿನಲ್ಲಿ ಅದು ಸೇರಿಕೊಂಡರೆ ಸದ್ದಿನೊಂದಿಗೆ ತಂಬೂರಿಯೂ ಅಳಿಸಿಹೋಗುತ್ತದೆ. ಯಾವುದು ಕಸ, ಯಾವುದು ಶ್ರುತಿ ಎಂಬುದು ಯಂತ್ರಕ್ಕೆ ತಿಳಿಯದು. ಅತಿಯಾಗಿ ತೊಳೆದ ಹಾಡು ನೀರಿನೊಳಗಿನಿಂದ ಬಂದಂತೆ ಕೇಳಿಸುತ್ತದೆ.

ಸ್ವರವನ್ನು ತಿದ್ದುವ ಸಾಧನದ ವಿಷಯವೂ ಹೀಗೆಯೇ. ಭೂಗರ್ಭದ ತೈಲವನ್ನು ಅಲೆಗಳ ನೆರವಿನಿಂದ ಹುಡುಕುವ ಉದ್ಯಮದಲ್ಲಿ ದುಡಿದಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ತಜ್ಞನು 1997ರಲ್ಲಿ ‘ಆಟೋಟ್ಯೂನ್’ ಎಂಬ ಸಾಧನವನ್ನು ಹೊರತಂದನು. ಸ್ಥಾನ ತಪ್ಪಿದ ಸ್ವರವನ್ನು ಅದು ಸಮೀಪದ ಸ್ವರಸ್ಥಾನಕ್ಕೆ ಎಳೆದು ನಿಲ್ಲಿಸುತ್ತದೆ. ಆದರೆ ಇಂತಹ ಸಾಧನಗಳು ಸಾಮಾನ್ಯವಾಗಿ ಎಣಿಸುವುದು ಹಾರ್ಮೋನಿಯಮ್ಮಿನ ಮನೆಗಳಂತೆ ಸಮಾನ ಅಂತರದ ಹನ್ನೆರಡು ಸ್ಥಾನಗಳನ್ನು. ಖಯಾಲ್ ಗಾಯನದ ಸೊಗಸು ಆ ಮನೆಗಳ ನಡುವಿನ ದಾರಿಯಲ್ಲಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಸ್ವರವನ್ನು ಮೆಲ್ಲನೆ ತೂಗುವ ಆಂದೋಲನ ಇವು ಯಂತ್ರದ ಎಣಿಕೆಯಲ್ಲಿ ತಪ್ಪುಗಳಾಗಿಬಿಡುತ್ತವೆ. ತಿದ್ದಲು ಹೊರಟವನು ರಾಗವನ್ನೇ ಕೆಡಿಸುವ ಸಂಭವವುಂಟು.

ಗಂಗೂಬಾಯಿಯವರ ಕಂಠವನ್ನೇ ನೆನೆಯಬಹುದು. ಮೊದಲ ಮುದ್ರಿಕೆಗಳಲ್ಲಿ ಅವರದು ತೆಳುವಾದ, ಏರುದನಿಯ ಕಂಠ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅದು ಗಡುಸಾಯಿತು. ಅನ್ಯರಾದರೆ ಎದೆಗುಂದುತ್ತಿದ್ದರೇನೋ! ಅವರು ಆ ಗಂಭೀರ ಧ್ವನಿಯನ್ನೇ ತಮ್ಮ ಬಲವಾಗಿ ಮಾಡಿಕೊಂಡು ಸಾಧನೆ ನಡೆಸಿದರು. 2009ರಲ್ಲಿ ಅವರು ಹುಬ್ಬಳ್ಳಿಯಲ್ಲಿ ನಿಧನರಾಗುವ ಹೊತ್ತಿಗೆ ಅದು ದೇಶವೇ ಗುರುತಿಸುವ ಧ್ವನಿಯಾಗಿತ್ತು. ಇಂದಿನ ತಂತ್ರಾಂಶವು ಒಂದು ಗುಂಡಿಯನ್ನು ತಿರುಗಿಸಿದಷ್ಟರಿಂದಲೇ ಗಡುಸು ಕಂಠವನ್ನು ತೆಳುವಾಗಿಸಬಲ್ಲುದು. ಹಾಗೆ ಮಾಡಿದರೆ ಉಳಿಯುವುದು ಯಾರದೋ ಕಂಠ, ಗಂಗೂಬಾಯಿಯವರದಲ್ಲ.

ಆದುದರಿಂದ ಈ ವಿದ್ಯೆಯಲ್ಲಿ ತೊಡಗುವವರು ಎರಡು ನಿಯಮಗಳನ್ನು ಪಾಲಿಸಬೇಕು. ಮೂಲಮುದ್ರಣದ ಒಂದು ಪ್ರತಿಯನ್ನು ಮುಟ್ಟದೆ ಕಾಪಾಡಬೇಕು. ಇಂದು ಸರಿಯೆನಿಸಿದ ತಿದ್ದುಪಡಿ ನಾಳೆ ತಪ್ಪೆನಿಸಬಹುದು. ಪರದೆಯ ಮೇಲಿನ ಅಲೆಯನ್ನು ನೋಡುವುದಕ್ಕೆ ಮೊದಲು ಹಾಡನ್ನು ಕಿವಿಗೊಟ್ಟು ಕೇಳಬೇಕು. ತಂಬೂರಿಯ ಮುಂದೆ ಕುಳಿತು ಪಳಗಿದ ಕಿವಿಗೆ ಮಾತ್ರ ದೋಷವಾವುದು, ಗುಣವಾವುದು ಎಂಬುದು ಗೊತ್ತಾಗುತ್ತದೆ. ಮೂರು ನಿಮಿಷಗಳ ತಟ್ಟೆಯ ಕಾಲದಲ್ಲಿ ತಿದ್ದಲಾಗದೆಂಬ ಅಂಜಿಕೆ ಕಲಾವಿದರನ್ನು ಎಚ್ಚರವಾಗಿಟ್ಟಿತ್ತು. ಎಲ್ಲವನ್ನೂ ತಿದ್ದಬಹುದಾದ ಈ ಕಾಲದಲ್ಲಿ ಆ ಎಚ್ಚರವನ್ನು ನಾವಾಗಿಯೇ ಬೆಳೆಸಿಕೊಳ್ಳಬೇಕಾಗಿದೆ.